ಸೊಸೆ ಹೊಲಿದ ಕಿಟ್ಲಿ ಕೌದಿ

ನಮ್ಮ ಊರಿನಲ್ಲಿ ಮನೆಗೆ ಬಂದವರಿಗೆ ಇನ್ನು ಹೊರಡಿ ಎಂದು ಯಾರೂ ಹೇಳುವುದಿಲ್ಲ. ಹೇಳುವ ಪ್ರಸಂಗವೇ ಬಂದಿಲ್ಲ. ಕೈಯಲ್ಲಿರುವ ಚಹಾ ಆರಿತೆಂದರೆ ಬಂದವರು ತಾವಾಗಿಯೇ ಚಪ್ಪಲಿ ಹುಡುಕುತ್ತಾರೆ. ಚಹಾ ಆರುವುದು ಗಾಳಿಗೂ ಅಲ್ಲ, ಹೊತ್ತಿಗೂ ಅಲ್ಲ. ಚಹಾದ ಕಿಟ್ಲಿಗೆ ಹೊದಿಸಿದ ಹಳೆ ಬಟ್ಟೆಯ ಕೌದಿಯನ್ನು ಯಾರು ಹೊಲಿದಿದ್ದಾರೋ ಅವರ ಮನಸ್ಸಿಗೆ. ನೀವು ಇನ್ನಷ್ಟು ಹೊತ್ತು ಕೂತಿರಬೇಕು ಎಂದು ಹೊಲಿದಾಕೆಗೆ ಅನ್ನಿಸುತ್ತಿದ್ದರೆ ನಿಮ್ಮ ಕಪ್ಪಿನಲ್ಲಿ ಹೊಗೆಯಾಡುತ್ತಿರುತ್ತದೆ. ಸಾಕು ಅನ್ನಿಸಿತೋ, ಅದು ಬಾವಿಯ ನೀರು. ಒಂದೇ ಕಿಟ್ಲಿಯಿಂದ ಬಗ್ಗಿಸಿದ ಎರಡು ಕಪ್ಪುಗಳಲ್ಲಿ ಒಂದು ತುಟಿ ಸುಡುವುದು, ಇನ್ನೊಂದು ಹಲ್ಲು ಜುಮ್ಮೆನ್ನಿಸುವುದು ನಮಗೆ ದಿನನಿತ್ಯದ ಮಾತು. ಶುಂಠಿ ಕಷಾಯ, ಬಾದಾಮಿ ಹಾಲು, ಜ್ವರ ಬಂದವರ ಗಂಜಿ, ಎಲ್ಲಕ್ಕೂ ಇದೇ ನೇಮ. ಹೊರಗಿನ ಊರುಗಳಲ್ಲಿ ಚಹಾ ತನಗೆ ತೋಚಿದಾಗ ಆರುತ್ತದಂತೆ. ಹಾಗಿದ್ದರೆ ಅಲ್ಲಿಯ ಬೀಗರು ಮನೆಗೆ ವಾಪಸಾಗುವುದಾದರೂ ಹೇಗೋ, ಆ ಶಿವನೇ ಬಲ್ಲ.

ಇದಕ್ಕೆ ತಕ್ಕ ಹಾಗೆ ನಾವೂ ಬದುಕು ಹೊಂದಿಸಿಕೊಂಡಿದ್ದೇವೆ. ನಮ್ಮಲ್ಲಿ ಚಹಾದಂಗಡಿ ಬಾಳುವುದಿಲ್ಲ. ಹಳೆ ಗಿರಾಕಿ ಬೇಗ ಎದ್ದರೆ ತಾನೆ ಹೊಸ ಗಿರಾಕಿಗೆ ಜಾಗ? ಅಂಗಡಿಯವನ ಮನಸ್ಸು ಹಾಗಿದ್ದ ಮೇಲೆ ಚಹಾ ಮೊದಲ ಗುಟುಕಿಗೇ ತಣ್ಣಗಾಗುತ್ತದೆ. ಹಾಗಾಗಿ ಕುಡಿಯುವುದೇನಿದ್ದರೂ ಮನೆಯಲ್ಲೇ. ಕೌದಿ ಹೊಲಿಯಲು ಕೆಲವರು ಮನೆಯಲ್ಲಿ ಎಲ್ಲರಿಗಿಂತ ತಾಳ್ಮೆಯಿರುವವರನ್ನು ಕೂರಿಸುತ್ತಾರೆ. ಕೆಲವರು ಬೇಕೆಂದೇ ನನ್ನಂಥವರನ್ನು ಹುಡುಕಿಕೊಂಡು ಬರುತ್ತಾರೆ. ನಾನು, ಅಂದರೆ ಈ ಹಂಪವ್ವ, ಹೊಲಿದ ಕೌದಿಯ ಚಹಾ ಊರಿನಲ್ಲೇ ಬೇಗ ಆರುತ್ತದೆ ಎಂಬ ಹೆಸರಿದೆ. ವಶೀಲಿ ಹಚ್ಚಲು ಬರುವವರ ಕಾಟ ತಾಳಲಾರದ ಎಷ್ಟೋ ಸಾಹೇಬರ ಮನೆಯಲ್ಲಿ ನನ್ನ ಕೈಯ ಕೌದಿಯೇ ಇರುವುದು. ನನಗೆ ಅದರಲ್ಲಿ ನಾಚಿಕೆಯೇನಿಲ್ಲ. ಕೂತು ಹರಟುವವರನ್ನು ಕಂಡರೆ ನನಗೆ ಆಗುವುದಿಲ್ಲ, ಕೈತುಂಬ ಕೆಲಸದ ಹೆಂಗಸು ನಾನು. ನಮ್ಮ ಯಜಮಾನರು ಮದುವೆಯಾದಾಗಿನಿಂದ ಉಗುರುಬೆಚ್ಚಗಿನ ಚಹಾ ಕುಡಿದುಕೊಂಡೇ ಬಂದವರು, ಒಂದು ದಿನ ಹ್ಞೂಂ ಅಂದವರಲ್ಲ, ಉಹ್ಞೂಂ ಅಂದವರಲ್ಲ.

ಆದರೆ ಮನೆಗೆ ಸೊಸೆ ಬಂದಳೆಂದರೆ ಕಿಟ್ಲಿ ಅವಳ ಕೈಗೆ ಹೋಗಬೇಕು. ಅದು ನಮ್ಮಲ್ಲಿಯ ಪದ್ಧತಿ. ತವರಿನ ಒಂದಿಷ್ಟು ಹಳೆ ಬಟ್ಟೆ, ಗಂಡನ ಮನೆಯ ಒಂದಿಷ್ಟು ಹಳೆ ಬಟ್ಟೆ ಸೇರಿಸಿ ಅವಳು ಹೊಸ ಕೌದಿ ಹೊಲಿಯಬೇಕು. ಕೊನೆಯ ಅಂಚು ಮುಚ್ಚುವ ಮುಂಚೆ ಒಳಗೆ ಒಂದು ಚಿಟಿಕೆ ಚಹಾಪುಡಿ, ನಾಲ್ಕು ಕಾಳು ಸಕ್ಕರೆ ಹಾಕಬೇಕು. ಹೊಸ ಕೌದಿ ಹೊದಿಸಿದ ಕಿಟ್ಲಿಯಿಂದ ಅತ್ತೆ ತನ್ನ ಮೊದಲ ಚಹಾ ಕುಡಿಯಬೇಕು. ಕುಡಿದ ಮೇಲೆ, ನೆನಪಿರಲಿ, ಕುಡಿದ ಮೇಲೆಯೇ, ಚಹಾ ಯಾಕೆ ಬಿಸಿಯಿರುತ್ತದೆ ಯಾಕೆ ಆರುತ್ತದೆ ಎಂಬುದನ್ನು ಅವಳಿಗೆ ಹೇಳಬೇಕು. ಹೊರಗಿನಿಂದ ಬಂದ ಸೊಸೆಗೆ ಮೊದಲೇ ಹೇಳಿದರೆ ಹೆದರಿಕೊಂಡು ಹೊಲಿಯುತ್ತಾಳೆ, ಅಂಥ ಕೌದಿ ಯಾರಿಗೂ ಬಿಸಿ ಕೊಡುವುದಿಲ್ಲ ಎಂದು ಹಿರಿಯರು ಕಂಡುಕೊಂಡಿದ್ದರು. ಅತ್ತೆ ಬಿಟ್ಟು ಬೇರೆ ಯಾರೂ ಹೇಳುವಂತಿಲ್ಲ, ಓಣಿಯವರಿಗೆ ಎಷ್ಟೇ ಬಾಯಿ ತುರಿಸಿದರೂ.

ನಮ್ಮ ಮಗ ಮುತ್ತಣ್ಣನ ಹೆಂಡತಿ ಶಿವಲೀಲಾ ಹೊರಗಿನಿಂದ ಬಂದವಳು. ತೆಳ್ಳಗೆ, ಬೆಳ್ಳಗೆ, ಮಾತು ಕಡಿಮೆ. ಮುತ್ತಣ್ಣ ಬೆಳಿಗ್ಗೆ ಪ್ರೆಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದ. ಹಾಗಾಗಿ ಹಗಲೆಲ್ಲ ನಾವಿಬ್ಬರೇ. ಅವಳು ಕೌದಿ ಹೊಲಿಯಲು ಕೂತಳು, ನಾನು ಎದುರಿಗೆ ಕೂತೆ. ಸುಮ್ಮನೆ ಕೂತೆನೇ? ಬಾಯಿ ಇದೆಯಲ್ಲ!

"ಏ ಶಿವಲೀಲಾ, ಇದು ಹೊಲಿಗಿ ಐತೋ, ಇರಿವಿ ಸಾಲು ಹೊಂಟೈತೋ?" ಎಂದೆ. "ತವರುಮನ್ಯಾಗ ದಬ್ಬಣ ಹಿಡಿಯೋದು ಕಲಿಸಿಲ್ಲ ಕಾಣತೈತಿ," ಎಂದೆ. ಅವಳು ಬಿಚ್ಚಿದಳು, ಮತ್ತೆ ಹೊಲಿದಳು. ಅವಳ ತಾಯಿಯ ಹಳೆ ಸೀರೆಯ ತುಣುಕು ನಡುವೆ ಇಟ್ಟಾಗ, "ಇದೇನ ಬಣ್ಣ ಹೋದದ್ದು, ಅಂಚಿಗೆ ಹಾಕು," ಎಂದೆ. ಅವಳು ತುಟಿ ಕಚ್ಚಿ ಅಂಚಿಗೆ ಹಾಕಿದಳು. ಹೊಲಿಗೆಯ ವಿಷಯದಲ್ಲಿ ನಾನು ಸುಳ್ಳು ಹೇಳುವವಳಲ್ಲ. ಹೊಲಿಗೆ ಸೊಟ್ಟಗೇ ಇತ್ತು. ಆದರೆ ಕೊನೆಯ ಗಂಟು ಹಾಕಿ ಅವಳು ದಾರ ಕಡಿದಾಗ ನನಗೆ ಥಟ್ಟನೆ ಹೊಳೆಯಿತು. ಒಂದೊಂದು ಹೊಲಿಗೆಗೂ ಒಂದೊಂದು ಬೈಗುಳ ತಿಂದು ಎದ್ದ ಕೌದಿ ಅದು. ಅದರ ಚಹಾ ನನಗೆ ಬಿಸಿಯಾಗಿರುತ್ತದೆಯೇ?

ನಮ್ಮ ಓಣಿಯ ಮೂಲೆಮನೆಯಲ್ಲಿ ಒಬ್ಬ ಹಿರಿಯಾಕೆ ಇದ್ದಳು. ಅವಳು ಕೆಮ್ಮಿದರೆ ಓಣಿಯೇ ಎದ್ದು ನಿಲ್ಲಬೇಕು, ಅಂಥ ದರ್ಬಾರು. ಸೊಸೆಯ ಕೌದಿಯ ಮೊದಲ ಚಹಾ ಕುಡಿಯಲು ಊರ ಹೆಂಗಸರನ್ನೆಲ್ಲ ಕರೆಸಿದ್ದಳು. ಕಪ್ಪಿನ ಕೆಳಗಿನ ಬಸಿಗೆ ಸುರುವಿಕೊಂಡಳು, ತುಟಿಗೆ ಹಚ್ಚಿದಳು, ಅಷ್ಟೆ. ಮೇಲೆ ಕೆನೆ ಕಟ್ಟಿತ್ತಂತೆ, ಅಷ್ಟು ತಣ್ಣಗೆ! ಅಂದು ಹೊರಗಿನ ಕಟ್ಟೆಗೆ ಬಂದು ಕೂತವಳು ಆಮೇಲೆ ಅಡುಗೆಮನೆಯ ಹೊಸಿಲು ತುಳಿಯಲಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಗಾದೆ ಹೇಳಿದವರು ಸುಲಭವಾಗಿ ಹೇಳಿಬಿಟ್ಟರು. ನನ್ನ ಕಾಲ ಮುಗಿಯಿತೆಂದು ಒಂದು ಕಪ್ಪು ಚಹಾ ನನಗೆ ಹೇಳುವುದು ನನಗೆ ಬೇಡವಾಗಿತ್ತು.

ಹಾಗಾಗಿ ನಾನು ಒಂದು ಉಪಾಯ ಮಾಡಿದೆ. ಶಿವಲೀಲಾ ಮೊದಲ ಸಲ ಕಪ್ಪು ಹಿಡಿದು ಬಂದು, "ತಗೋರಿ ಅತ್ತಿ," ಅಂದಾಗ, "ನಾ ಚಹಾ ಬಿಟ್ಟೀನವ್ವಾ, ಹರಕಿ ಐತಿ," ಎಂದು ಕಪ್ಪಿನತ್ತ ನೋಡದೆಯೇ ಅಂದುಬಿಟ್ಟೆ. ಯಾವ ದೇವರ ಹರಕೆ ಎಂದು ಅವಳು ಕೇಳಲಿಲ್ಲ. ನನಗೂ ಆ ಕ್ಷಣಕ್ಕೆ ಯಾವ ದೇವರೂ ಹೊಳೆದಿರಲಿಲ್ಲ.

ಯಜಮಾನರಿಗಂತೂ ಸುಗ್ಗಿ. ಮೊದಲ ಗುಟುಕಿಗೆ ಅವರ ಕಣ್ಣಲ್ಲಿ ನೀರು ಬಂತು.

"ಏನಾತ್ರಿ?" ಎಂದೆ.

"ನಾಲಗಿ ಸುಟ್ಟಿತು," ಅಂದರು ಬಾಯಿ ತುಂಬ ನಗುತ್ತ. "ಚಹಾ ಹಿಂಗಿರತೈತಿ ಅಂತ ಮರತಬಿಟ್ಟಿದ್ದೆ. ನೀನೂ ಒಂದ ಗುಟುಕ ಕುಡದ ನೋಡ."

"ಹರಕಿ ಐತಿ ಅಂದೀನಲ್ಲ!"

"ಹರಕಿ," ಎಂದರು ಅವರು. ಅದಕ್ಕಿಂತ ಹೆಚ್ಚು ಮಾತಾಡಿದ್ದರೆ ನಾನು ಜಗಳಕ್ಕಾದರೂ ಬೀಳುತ್ತಿದ್ದೆ.

ಓಣಿಯವರು ಬಂದರು. ಪರೀಕ್ಷೆ ಮಾಡಲೆಂದೇ ಬಂದರು, ನನಗೆ ಗೊತ್ತಿಲ್ಲವೇ? ಒಬ್ಬೊಬ್ಬರ ಕಪ್ಪಿನಲ್ಲೂ ಹೊಗೆಯಾಡಿತು. ಹುಡುಗಿಗೆ ಹೊಸ ಊರಿನಲ್ಲಿ ಮಾತಾಡುವವರು ಬೇಕಾಗಿತ್ತು, ಬಂದವರೆಲ್ಲ ಅವಳಿಗೆ ಬೇಕಾದವರೇ ಆದರು. ಹಾಲು ಹಾಕುವವಳಿಗೆ ಬಿಸಿ, ಬಳೆಗಾರನಿಗೆ ಬಿಸಿ, ದಾರಿ ತಪ್ಪಿ ಬಂದ ಯಾರೋ ವಿಮೆಯವನಿಗೂ ಬಿಸಿ! ಎಲ್ಲರೂ ಹೋಗುವಾಗ ನನ್ನ ಕಡೆ ನೋಡುತ್ತಿದ್ದರು. ಹಂಪವ್ವಾ, ನೀ ಕುಡಿದೆಯೋ ಇಲ್ಲೋ ಎಂಬ ನೋಟ. ಊರಿಗೆಲ್ಲ ಬಿಸಿಯಾಗಿ ನನಗೊಬ್ಬಳಿಗೇ ತಣ್ಣಗಾದರೆ ಮಾನ ಉಳಿಯುತ್ತದೆಯೇ? ನನ್ನ ಹರಕೆ ಇನ್ನೂ ಗಟ್ಟಿಯಾಯಿತು.

ಒಬ್ಬನಿಗೆ ಮಾತ್ರ ಆರಿತು. ನಮ್ಮವರ ಚಿಕ್ಕಪ್ಪನ ಮಗ ಚನಮಲ್ಲಪ್ಪ ಬಂದು, ತನ್ನ ಮೂತ್ರಪಿಂಡದ ಕಲ್ಲು ಹುಟ್ಟಿದ್ದು, ಬೆಳೆದದ್ದು, ಸರಿದದ್ದು ಎಲ್ಲ ಹೇಳತೊಡಗಿದ್ದ. ಕಲ್ಲು ಇನ್ನೇನು ಹೊರಗೆ ಬರಬೇಕು, ಅಷ್ಟರಲ್ಲಿ ಅವನ ಚಹಾ ತಣ್ಣಗಾಯಿತು. ಅವನು ಮಾತು ಅಲ್ಲಿಗೇ ನಿಲ್ಲಿಸಿ, ಮುಖ ದಪ್ಪ ಮಾಡಿಕೊಂಡು ಎದ್ದು ಹೋದ. ಶಿವಲೀಲಾಗೆ ಏನೂ ತಿಳಿಯಲಿಲ್ಲ. ಅವಳು ಕಿಟ್ಲಿ ಮುಟ್ಟಿ ನೋಡಿದಳು, ಕೌದಿ ಮುಟ್ಟಿ ನೋಡಿದಳು.

"ಅತ್ತೀ, ಕೌದಿ ತೆಳ್ಳಗಾಗೇತೇನ್ರಿ? ಕಾಕಾರ ಚಹಾ ಆರಿ ಹೋತು. ಅದಕ್ಕ ಸಿಟ್ಟಾದ್ರು ಕಾಣತೈತಿ."

ಹೇಳಬೇಕಾದ ಹೊತ್ತು ಅದೇ ಆಗಿತ್ತು. ಆದರೆ ಹೇಳಬೇಕಾದರೆ ಮೊದಲು ಕುಡಿಯಬೇಕಲ್ಲ! ನುಂಗಲೂ ಆಗದ ಉಗುಳಲೂ ಆಗದ ಬಿಸಿ ತುಪ್ಪವಾಯಿತು ನನ್ನ ಪಾಡು. "ಆಗಿರಬಹುದು," ಎಂದು ಗೊಣಗಿ ಹಿತ್ತಲಿಗೆ ಹೋದೆ.

ಅವಳು ಕೌದಿಗೆ ಇನ್ನೊಂದು ಪದರ ಹಾಕಿದಳು. ಮರುದಿನವೂ ನಾನು ಕುಡಿಯಲಿಲ್ಲ. ಅವಳು ಇನ್ನೊಂದು ಪದರ ಹಾಕಿದಳು. ನನ್ನ ಹಳೆ ಕುಪ್ಪಸದ ತೋಳು, ಯಜಮಾನರ ಧೋತರದ ಚುಂಗು, ಮುತ್ತಣ್ಣನ ಶಾಲೆಯ ಚಡ್ಡಿಯ ಜೇಬು, ಸಿಕ್ಕಿದ್ದೆಲ್ಲ ಅದಕ್ಕೆ ಸೇರಿತು. ಕೌದಿ ಹೋಗಿ ಗಾದಿಯಾಯಿತು. ಕಿಟ್ಲಿಯ ಸೊಂಡಿಲೂ ಕಾಣದಂತಾಗಿ, ಯಜಮಾನರು ಒಮ್ಮೆ ಅದನ್ನು ತಲೆದಿಂಬೆಂದು ತಿಳಿದು ಒರಗಲು ಹೋಗಿದ್ದರು. ಅವಳು ಪ್ರತಿ ಸಲ ಕಪ್ಪು ಹಿಡಿದು ಬರುವುದು, ನಾನು ಮುಖ ತಿರುಗಿಸಿ ಹರಕೆ ಎನ್ನುವುದು, ಅವಳು ಒಳಗೆ ಹೋಗಿ ಸೂಜಿಗೆ ದಾರ ಪೋಣಿಸುವುದು ನಡೆದೇ ಇತ್ತು. ಆದರೆ ಒಂದು ಮಾತು ಹೇಳುತ್ತೇನೆ, ಅವಳ ಹೊಲಿಗೆ ಈಗ ನೆಟ್ಟಗಾಗಿತ್ತು. ಅದನ್ನು ನೋಡಿ ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ.

ಇನ್ನು ಚಹಾ ಇಲ್ಲದೆ ನಾನು ಬದುಕುವವಳೇ? ಮಧ್ಯಾಹ್ನ ಪಕ್ಕದ ಮನೆಯ ನೀಲವ್ವನಲ್ಲಿಗೆ ಹೋಗುತ್ತಿದ್ದೆ. ಒಂದು ದಿನ ಜರಡಿ ಕೇಳಲು, ಇನ್ನೊಂದು ದಿನ ಜರಡಿ ಕೊಡಲು. ನೀಲವ್ವನ ಕಿಟ್ಲಿಯ ಕೌದಿ ಅವಳೇ ಹೊಲಿದದ್ದು. ಮೊದಮೊದಲು ಅವಳ ಚಹಾ ಚೆನ್ನಾಗಿಯೇ ಬಿಸಿಯಿತ್ತು, ನನ್ನ ಮನೆಯ ಸುದ್ದಿ ಅವಳಿಗೂ ಬೇಕಿತ್ತು. ಬರಬರುತ್ತ ಸುದ್ದಿ ಹಳಸಿತು, ಚಹಾದ ಬಿಸಿಯೂ ಇಳಿಯಿತು. ನಾನು ಬೇಗ ಬೇಗ ಕುಡಿಯುವುದು ಕಲಿತೆ.

"ಹಂಪಕ್ಕಾ, ಎಷ್ಟ ದಿನಾ ಅಂತ ಹಿಂಗ?" ಎಂದಳು ನೀಲವ್ವ ಒಂದು ಮಧ್ಯಾಹ್ನ. "ಆ ಹುಡುಗಿ ಮಾರಿ ನೋಡಾಕ ಆಗವಲ್ದು. ಒಂದ ಸಲ ಕುಡದು ಹೇಳಿಬಿಡು."

"ತಣ್ಣಗಿದ್ರ?"

"ತಣ್ಣಗಿದ್ರ ತಣ್ಣಗ ಕುಡಿ. ನಿನ್ನ ಗಂಡಾ ಕುಡದಿಲ್ಲೇನು ಇಷ್ಟ ದಿನಾ?"

ಇದಕ್ಕೆ ತಕ್ಕ ಉತ್ತರ ನನ್ನ ಬಾಯಲ್ಲಿತ್ತು. ಆದರೆ ಬಾಯಲ್ಲಿ ಚಹಾವೂ ಇತ್ತು. ಬಸಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನಂತೆ ಸೊರ್ರೆಂದು ಹೀರುತ್ತಿದ್ದೆ. ಕಣ್ಣು ತೆರೆದರೆ ಬಾಗಿಲಲ್ಲಿ ಶಿವಲೀಲಾ ನಿಂತಿದ್ದಳು.

ಅವಳ ಕೈಯಲ್ಲಿ ಮುರಿದ ದಬ್ಬಣವಿತ್ತು. ಅಷ್ಟು ದಪ್ಪ ಕೌದಿಗೆ ದಬ್ಬಣ ಮುರಿಯದೆ ಇನ್ನೇನು? ನೀಲವ್ವನ ಹತ್ತಿರ ಇನ್ನೊಂದು ಕೇಳಲು ಬಂದಿದ್ದಳು. ಅವಳು ದಬ್ಬಣ ನೋಡಿದಳು, ನನ್ನನ್ನು ನೋಡಿದಳು, ಬಸಿ ನೋಡಿದಳು.

"ಹರಕಿ ಮುಗೀತೇನ್ರಿ ಅತ್ತಿ?" ಎಂದಳು ಮೆಲ್ಲಗೆ.

ನನ್ನ ಕೈಯಲ್ಲಿದ್ದ ಚಹಾ ಆಗಲೇ ಮಂಜುಗಡ್ಡೆಯಾಗಿತ್ತು. ನೀಲವ್ವನನ್ನು ನೋಡಿದೆ. ಅವಳು ಬೇರೆ ಕಡೆ ನೋಡುತ್ತಿದ್ದಳು. ನಿಮ್ಮ ಜಗಳ ನಿಮ್ಮ ಮನೆಯಲ್ಲಿ ಮಾಡಿಕೊಳ್ಳಿ ತಾಯಿ ಎಂದು ಬಾಯಿ ಬಿಟ್ಟು ಹೇಳುವ ಅಗತ್ಯ ನಮ್ಮ ಊರಲ್ಲಿ ಇಲ್ಲವಲ್ಲ! ನಾನು ಬಸಿ ಕೆಳಗಿಟ್ಟು ಎದ್ದೆ.

ಶಿವಲೀಲಾ ನನಗಿಂತ ಮುಂದಾಗಿ ಮನೆಗೆ ನಡೆದಳು. ಬಂದವಳೇ ಅಡುಗೆಮನೆಯ ನೆಲದ ಮೇಲೆ ಕೂತು, ಕಿಟ್ಲಿಯ ಮೇಲಿಂದ ಕೌದಿ ತೆಗೆದು, ಕತ್ತರಿ ಕೈಗೆ ತೆಗೆದುಕೊಂಡಳು. ಕೊನೆಯ ಪದರದ ಒಂದು ಹೊಲಿಗೆ ಕತ್ತರಿಸಿದಳು. ಆಮೇಲೆ ಇನ್ನೊಂದು.

"ಏನ ಮಾಡಾಕತ್ತಿ?" ಎಂದೆ.

"ನಮ್ಮವ್ವನ ಸೀರಿ ತುಂಡು ಬಿಚ್ಚಿಕೋತೀನ್ರಿ. ನಾ ಮುಟ್ಟಿದ್ದು ನಿಮಗ ನಡಿಯಂಗಿಲ್ಲ ಅಂತ ಮೊದಲ ಹೇಳಿದ್ರ ಈ ಚಿಂದಿ ಹೊಲಕೋತ ಕುಂದರತಿದ್ದಿಲ್ಲ. ಕೌದಿ ಸರಿಯಿಲ್ಲ, ಅದಕ್ಕ ಕುಡಿಯಂಗಿಲ್ಲ ಅನ್ಕೊಂಡಿದ್ದೆ. ನಾನ ಸರಿಯಿಲ್ಲ ಅಂತ ಈಗ ಗೊತ್ತಾತು. ನಾಳೆ ನಮ್ಮೂರಿಗೆ ಹೋಗತೀನಿ."

ಅವಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು, ಸಮಾಧಾನ ಮಾಡಬಹುದಿತ್ತು. ಕತ್ತರಿ ಕಚಕ್ ಎಂದಾಗಲೆಲ್ಲ ನನಗೆ ಜೀವ ಹೋದಂತಾಗುತ್ತಿತ್ತು. ನಾನು ಅವಳ ಎದುರಿಗೆ ಕುಸಿದು ಕೂತು ಕೌದಿಯ ಇನ್ನೊಂದು ತುದಿ ಹಿಡಿದುಕೊಂಡೆ.

"ಬಿಚ್ಚಬ್ಯಾಡ," ಎಂದೆ. "ಮೊದಲ ನನ್ನ ಮಾತ ಕೇಳು."

ಕುಡಿಯುವ ಮೊದಲೇ ಹೇಳಿಬಿಟ್ಟೆ. ಪದ್ಧತಿ ಮುರಿದೆ. ಹಿರಿಯರು ಬೇಕಿದ್ದರೆ ಮೇಲಿನಿಂದ ಬೈಯಲಿ. ಚಹಾದ ಗುಟ್ಟು, ಕೌದಿಯ ಗುಟ್ಟು, ಮೂಲೆಮನೆಯ ಹಿರಿಯಾಕೆಯ ಕಥೆ, ನನ್ನ ಸುಳ್ಳು ಹರಕೆ ಎಲ್ಲ ಹೇಳಿದೆ. ಶಿವಲೀಲಾ ಮೊದಲು ನಂಬಲಿಲ್ಲ. ನನಗೆ ತಲೆ ಕೆಟ್ಟಿದೆಯೇನೋ ಎಂಬಂತೆ ನೋಡಿದಳು. ಆಮೇಲೆ ಏನೋ ನೆನಪಾಗಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯ ಶಿವನ! ಚನಮಲ್ಲಪ್ಪ ಕಾಕಾ! ಆ ಕಲ್ಲಿನ ಕಥಿ ಕೇಳಿ, ಇವರು ಯಾವಾಗ ಏಳತಾರಪಾ ಅಂತ ಅನ್ಕೊಂಡಿದ್ದೆ."

"ಅವನ ಚಹಾ ಅದಕ್ಕ ಆರಿತು."

"ಮತ್ತ ಮಾವಾರು ದಿನಾ ನಾಲಗಿ ಸುಟ್ಟುಕೊಳ್ಳೋದು?"

"ಅವರು ಕುಂದರಲಿ ಅಂತ ನಿನಗ ಅನಸತೈತಿ. ಅದಕ್ಕ."

ಅವಳು ಕಿಟ್ಲಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಹಂಗಾರ ನಿಮಗ ನಾ ಬಗ್ಗಸಂಗಿಲ್ಲ," ಎಂದಳು. "ತಣ್ಣಗ ಬಂದ್ರ ನಾ ನಿಮ್ಮ ಮುಂದ ಹೆಂಗ ಮಾರಿ ಎತ್ತಲಿ?"

ಈಗ ಹೆದರುವವರು ಇಬ್ಬರಾದೆವು. ಆದರೂ ಅವಳು ಎದ್ದು ಚಹಾ ಮಾಡಿದಳು, ಕಿಟ್ಲಿಗೆ ಸುರಿದಳು, ಅರ್ಧ ಬಿಚ್ಚಿದ ಕೌದಿಯನ್ನು ಹೊದಿಸಿದಳು. ಬಗ್ಗಿಸಲು ಮಾತ್ರ ಅವಳ ಕೈ ಮುಂದೆ ಬರಲಿಲ್ಲ. ಕಿಟ್ಲಿಯನ್ನು ನಡುವೆ ಇಟ್ಟುಕೊಂಡು ನಾವಿಬ್ಬರೂ ಕೂತೆವು, ಹಾವಾಡಿಗನ ಬುಟ್ಟಿಯ ಮುಂದೆ ಕೂತ ಹಾಗೆ. ಯಜಮಾನರು ಚಹಾದ ವಾಸನೆ ಹಿಡಿದು ಬಂದು ಬಾಗಿಲಲ್ಲಿ ಇಣುಕಿದರು. ನಮ್ಮಿಬ್ಬರ ಮುಖ ನೋಡಿ, "ನನಗ ಬ್ಯಾಡ," ಎಂದು ಹಾಗೆಯೇ ಹಿಂದೆ ಸರಿದರು. ಅವರು ಚಹಾ ಬೇಡವೆಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕೊನೆಗೆ ನನಗೇ ಸಾಕಾಯಿತು. ಹೆದರಿಕೆಗೂ ಒಂದು ಮಿತಿ ಬೇಡವೇ?

"ನೋಡವ್ವಾ," ಎಂದೆ. "ಈ ಮನ್ಯಾಗ ನಾ ಬ್ಯಾಡಾದ್ರ ಎಲ್ಲಿ ಹೋಗಲಿ ಅಂತ ನನಗ ಅಂಜಿಕಿ. ಅಷ್ಟ. ನಿನ್ನ ಮ್ಯಾಲೆ ಬ್ಯಾರೆ ಏನೂ ಇಲ್ಲ. ಬಗ್ಗಸು. ಹೆಂಗ ಬರತೈತೋ ಹಂಗ ಕುಡಿತೀನಿ."

ಅವಳು ಕಣ್ಣು ಮುಚ್ಚಿಕೊಂಡು ಬಗ್ಗಿಸಿದಳು. ಅರ್ಧ ಚಹಾ ಕಪ್ಪಿಗೆ, ಅರ್ಧ ನೆಲಕ್ಕೆ. ನಾನು ಬಸಿಗೆ ಸುರುವಿಕೊಳ್ಳುವ ವ್ಯವಧಾನವೂ ಇಲ್ಲದೆ, ಔಷಧಿ ಕುಡಿಯುವವಳಂತೆ ಕಪ್ಪು ಎತ್ತಿ ದೊಡ್ಡ ಗುಟುಕು ಹಾಕಿದೆ.

"ಅಯ್ಯಯ್ಯಯ್ಯೋ!"

"ಏನಾತ್ರಿ ಅತ್ತಿ? ತಣ್ಣಗೈತೇನ್ರಿ?"

"ನಾಲಗಿ ಸುಟ್ಟಿತಲೇ!" ಎಂದು ಕಿರುಚಿದೆ. ನಾಲಗೆಯಷ್ಟೇ ಅಲ್ಲ, ಗಂಟಲು, ಎದೆ, ಎಲ್ಲ ಸುಟ್ಟಿತ್ತು. ಸುಡುತ್ತ ಸುಡುತ್ತಲೇ ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಸಂತೋಷ ಹೆಚ್ಚಾದರೆ ನನಗೆ ಬುದ್ಧಿ ಕಡಿಮೆಯಾಗುತ್ತದೆ. "ಅಂದ್ರ ನಿನಗ ನನ್ನ ಮ್ಯಾಲೆ ಏನೂ ಸಿಟ್ಟಿಲ್ಲ ಅಂದಂಗಾತು!" ಎಂದೆ.

ಶಿವಲೀಲಾ ಕಣ್ಣು ದೊಡ್ಡದು ಮಾಡಿದಳು.

"ಸಿಟ್ಟಿಲ್ಲೇನ್ರಿ? ಮೈತುಂಬ ಐತಿ!" ಎಂದಳು. ಇಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಬಂದ ದಿನದಿಂದ ನಿಮಗ ಏನೇನ ಅನ್ನಬೇಕು ಅಂತ ಮನಸಿನ್ಯಾಗ ಇಟ್ಟುಕೊಂಡೇನಿ, ಎಲ್ಲಾ ಹೇಳಿ ಮುಗಿಸೋತನಕ ನೀವು ಇಲ್ಲಿಂದ ಏಳಂಗಿಲ್ಲ. ಕುಂದರ್ರಿ!"

ಕೂತೆ. ಕೂರದೆ ಏನು ಮಾಡಲಿ, ಕಪ್ಪಿನಲ್ಲಿ ಹೊಗೆಯಾಡುತ್ತಿತ್ತು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಶುರು ಮಾಡಿದಳು. ಅವಳ ತಾಯಿಯ ಸೀರೆಗೆ ನಾನು ಬಣ್ಣ ಹೋದದ್ದು ಎಂದದ್ದು, ಅವಳು ಹಾಡು ಗುನುಗಿದಾಗ ಕೆಮ್ಮಿದ್ದು, ಅವಳು ಮಡಿಸಿಟ್ಟ ಬಟ್ಟೆಯನ್ನು ಅವಳ ಎದುರಿಗೇ ಮತ್ತೆ ಮಡಿಸಿದ್ದು, ಉಪ್ಪಿನ ಡಬ್ಬಿಯನ್ನು ಅವಳಿಗೆ ಎಟುಕದ ಗೋಡೆಯ ಗೂಡಿನಲ್ಲಿಟ್ಟದ್ದು. ಒಂದನ್ನೂ ಬಿಡಲಿಲ್ಲ. ನಾನು ನಡುವೆ ಒಂದೆರಡು ಕಡೆ, "ಅದು ಹಂಗಲ್ಲ," ಎನ್ನಲು ಬಾಯಿ ತೆರೆದೆ. ಅವಳು ಕಪ್ಪು ತುಂಬಿಸಿ ಬಾಯಿ ಮುಚ್ಚಿಸಿದಳು. ಎಷ್ಟು ಸಲ ತುಂಬಿಸಿದರೂ ಸುಡುವಷ್ಟೇ ಬಿಸಿ. ಆಹಾ, ಎಂಥ ಚಹಾ ಅದು! ಶುಂಠಿ ತುಸು ಹೆಚ್ಚಾಗಿತ್ತು, ಆದರೆ ಆ ಹೊತ್ತಿನಲ್ಲಿ ಅದನ್ನು ಹೇಳುವಷ್ಟು ದಡ್ಡಿ ನಾನಲ್ಲ.

ಕಿಟ್ಲಿ ಬರಿದಾಯಿತು. ಅವಳ ಮಾತು ಇನ್ನೂ ಮದುವೆಯ ಮರುವಾರದಲ್ಲೇ ಇತ್ತು.

"ತಡಿಯವ್ವಾ," ಎಂದು ನಾನೇ ಎದ್ದು ಒಲೆಯ ಮೇಲೆ ಮತ್ತೆ ನೀರಿಟ್ಟೆ.